ಹರಕೆಯ ಹುಂಜ ಮತ್ತು ನೈಸರ್ಗಿಕ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಬರುವ ಹುಂಜದ ಬಾಲ ಕಪ್ಪಗಿತ್ತು ಎಂದು ನಾನು ಬರೆದರೆ ಅದನ್ನು ಅರ್ಧ ಮಾತ್ರ ನಂಬಿ. ಕಪ್ಪೇ ಇರಬಹುದು. ಕಪ್ಪಿನಲ್ಲಿ ಸ್ವಲ್ಪ ಹಸಿರು ಹೊಳಪೂ ಇದ್ದಿರಬಹುದು. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ, ಆದರೆ ಅಂದು ಬರೆದದ್ದು 'ಅಬ್ಬ, ಸಿಕ್ಕಿತು' ಎಂದಷ್ಟೇ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳ ವೀಕ್ಷಣಾ ಸಾಮರ್ಥ್ಯ ಇಷ್ಟು.

ನಾನು ಬಸ್ರೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ವರ್ಷ ನಾನು ನೈಸರ್ಗಿಕ ಆಯ್ಕೆಯ ಬಗ್ಗೆ ಒಂದು ಮಾದರಿ ಪಾಠ ಮಾಡಬೇಕು, ಸುತ್ತಲಿನ ಶಾಲೆಗಳ ಶಿಕ್ಷಕರು ಬಂದು ಕುಳಿತು ನೋಡುತ್ತಾರೆ ಎಂದು ತೀರ್ಮಾನವಾಯಿತು. ತೀರ್ಮಾನಿಸಿದವರು ನಮ್ಮ ಹೆಡ್‌ಮಾಸ್ಟರು. "ಸುಲಭ ಸರ್" ಎಂದವಳು ನಾನು. ಈ ಎರಡು ಶಬ್ದ ಮಾತ್ರ ನನಗೆ ಬಹಳ ಚೆನ್ನಾಗಿ ನೆನಪಿದೆ.

ಯೋಜನೆ ನಿಜಕ್ಕೂ ಸುಲಭವಾಗಿತ್ತು. ನಮ್ಮ ಶಾಲೆಯ ಅಂಗಳ ಕೆಂಪು ಮಣ್ಣಿನದು. ಅಲ್ಲಿ ಕೆಂಪು ಕುಚ್ಚಲಕ್ಕಿ, ಬಿಳಿ ಬೆಳ್ತಿಗೆ ಅಕ್ಕಿ ಎರಡನ್ನೂ ಸಮನಾಗಿ ಬೆರೆಸಿ ಚೆಲ್ಲುವುದು. ಮಕ್ಕಳೇ ಹಕ್ಕಿಗಳು. ಸೀಟಿ ಊದಿದ ಕೂಡಲೇ ಓಡಿಬಂದು ಕಣ್ಣಿಗೆ ಬಿದ್ದ ಕಾಳನ್ನು ಹೆಕ್ಕಬೇಕು. ಬಿಳಿಯದು ಎದ್ದು ಕಾಣುತ್ತದೆ, ಬೇಗ ಖಾಲಿಯಾಗುತ್ತದೆ. ಕೆಂಪು ಮಣ್ಣಿನಲ್ಲಿ ಅಡಗಿ ಉಳಿಯುತ್ತದೆ. ಉಳಿದದ್ದಕ್ಕೆ ಮಕ್ಕಳಾಗುತ್ತವೆ, ಅಂದರೆ ಅದೇ ಬಣ್ಣದ ಅಷ್ಟೇ ಅಕ್ಕಿಯನ್ನು ನಾನು ಮತ್ತೆ ಸೇರಿಸುತ್ತೇನೆ. ಕೆಲವು ಸುತ್ತು ಕಳೆಯುವಷ್ಟರಲ್ಲಿ ಅಂಗಳದಲ್ಲೆಲ್ಲ ಕೆಂಪು ವಂಶದ ಆಳ್ವಿಕೆ.

ಮುಂಚಿನ ವಾರ ಒಮ್ಮೆ ಮಾಡಿ ನೋಡಿದೆವು. ನಾನು ಸೀಟಿಯನ್ನು ಬಾಯಿಂದ ತೆಗೆಯುವ ಮೊದಲೇ ಅಂಗಳ ಸ್ವಚ್ಛ. ಬಿಳಿಯೂ ಇಲ್ಲ, ಕೆಂಪೂ ಇಲ್ಲ. ಸರ್ವನಾಶ.

"ಇಷ್ಟ್ ಬೇಗ ಹ್ಯಾಂಗೆ ಕಂಡ್ತ್ ನಿಮ್ಗೆಲ್ಲ?" ಎಂದು ಮುಂದಿನ ಸಾಲಿನ ಶ್ರಾವ್ಯಳನ್ನು ಕೇಳಿದೆ.

"ಮನಿಯಗೆ ದಿನಾ ಅಕ್ಕಿ ಆರ್ಸುದ್ ನಾನೇ ಅಲ್ದಾ ಟೀಚ್ರೇ," ಎಂದಳು ಆಕೆ. "ಅಕ್ಕಿಯಗೆ ಕಲ್ ಕಾಂತ್ತ್ ಅಂದ್ರೆ, ಮಣ್ಣಗೆ ಅಕ್ಕಿ ಕಾಂಬುದ್ ಎಂತ ಕಷ್ಟ?"

ಮನುಷ್ಯರನ್ನು ನಂಬಿ ವಿಜ್ಞಾನ ಮಾಡಬಾರದು ಎಂದು ನನಗೆ ಮನವರಿಕೆಯಾಯಿತು. ನಿಜವಾದ ಹಕ್ಕಿ ಬೇಕು. ಹಟ್ಟಿಯಂಗಡಿಯ ನಮ್ಮ ಮನೆಯಲ್ಲಿ ಅತ್ತೆ ಕೋಳಿ ಸಾಕಿದ್ದರು. ಇನ್ನೇನು ಬೇಕು?

"ಕೋಳಿ ಶಾಲಿಗ್ ಹೋಯಿ ಎಂತ ಕಲೂದ್ ಹೆಣೆ?" ಎಂದರು ಅತ್ತೆ.

"ಕಲೂದ್ ಮಕ್ಕಳ್, ಅತ್ತೆ. ಕೋಳಿ ಅಕ್ಕಿ ತಿಂದ್ರೆ ಸಾಕ್."

"ತಿಂಬುದಕ್ಕಾರೆ ಅವಕ್ಕೆ ಶಾಲಿ ಬೇಡ." ಗೂಡಿನತ್ತ ಒಮ್ಮೆ ನೋಡಿದರು. "ಹೇಂಟಿ ಬೇಕಾರೆ ತಕಂಡ್ ಹೋಗ್. ಹುಂಜ ಮುಟ್ಬೇಡ. ಅದ್ ದೈವದ್ದ್."

ಈ ಹುಂಜದ ಕಥೆ ಹೇಳಲೇಬೇಕು. ಹಿಂದಿನ ಮಳೆಗಾಲದಲ್ಲಿ ನನ್ನ ಗಂಡ ಹಾಲಾಡಿಯ ಪೇಟೆಯಲ್ಲಿ ಬೈಕು ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಮಗ ಮೊದಲಿನ ಹಾಗೆ ನಡೆದರೆ ಒಂದು ಹುಂಜ ಒಪ್ಪಿಸುತ್ತೇನೆ ಎಂದು ಅತ್ತೆ ಮನೆಯ ದೈವಕ್ಕೆ ಹೇಳಿಕೊಂಡಿದ್ದರು. ಮಗ ನಡೆದ. ಹುಂಜ ಬೆಳೆಯಿತು. ದೈವದ ಮುಂದಿನ ಕೋಲದ ಸೇವೆಯಲ್ಲಿ ಒಪ್ಪಿಸುವವರೆಗೆ ಅದನ್ನು ಮಾರುವಂತಿಲ್ಲ, ಕೊಡುವಂತಿಲ್ಲ, ಗದರಿಸುವಂತೆಯೂ ಇಲ್ಲ. ಮನೆಯಲ್ಲಿ ಅದಕ್ಕಿದ್ದ ಮರ್ಯಾದೆ ನನಗಿರಲಿಲ್ಲ. ದೂರುತ್ತಿಲ್ಲ, ಅದು ನನಗಿಂತ ಬೇಗ ಏಳುತ್ತಿತ್ತು.

ಪಾಠದ ದಿನ ಬೆಳಗಿನ ನಸುಕಿನಲ್ಲಿ ಕೋಳಿ ಹಿಡಿಯುವ ಹೊಣೆ ಗಂಡನದು. ಗೂಡಿನೊಳಗೆ ಕೈ ಹಾಕಿ, ಕಾಲು ಹಿಡಿದು ಎಳೆದು, ಬುಟ್ಟಿಗೆ ಹಾಕಿ ಗೋಣಿ ಮುಚ್ಚಿದರು. ಮೂರನೆಯದನ್ನು ಹಾಕುವಾಗ, "ಇದ್ ಭಾರಿ ತೂಕದ್ ಹೇಂಟಿ ಮಾರಾಯ್ತಿ," ಎಂದರು. ನಾನು ಮೆಚ್ಚಿ ತಲೆಯಾಡಿಸಿದೆ. ನಾವಿಬ್ಬರೂ ಪದವೀಧರರು.

ಪಾಠ ಶುರುವಾಯಿತು. ಅಂಗಳದ ಅಂಚಿನಲ್ಲಿ ಕುರ್ಚಿ ಹಾಕಿ ಅತಿಥಿ ಶಿಕ್ಷಕರು ಕುಳಿತಿದ್ದರು. ಒಂದೇ ಜಾತಿಯ ಎರಡು ಜೀವಿಗಳು ಎಂದೂ ತದ್ರೂಪವಾಗಿರುವುದಿಲ್ಲ, ಗಮನವಿಟ್ಟು ನೋಡುವ ಕಣ್ಣಿಗೆ ವ್ಯತ್ಯಾಸ ಕಂಡೇ ಕಾಣುತ್ತದೆ, ಆ ವ್ಯತ್ಯಾಸದ ಮೇಲೆಯೇ ನಿಸರ್ಗದ ಆಯ್ಕೆ ನಡೆಯುತ್ತದೆ ಎಂದು ಗಂಭೀರವಾಗಿ ಹೇಳಿದೆ. ಈ ಮಾತನ್ನು ನೆನಪಿಡಿ. ನಾನು ಮರೆಯಲು ಪ್ರಯತ್ನಿಸುತ್ತಿದ್ದೇನೆ.

ಎರಡು ಹೇಂಟೆಗಳನ್ನು ಬಿಟ್ಟೆ. ಅವು ಒಮ್ಮೆ ಸುತ್ತ ನೋಡಿ, ಸಾವಕಾಶವಾಗಿ ಕೆಂಪು ಅಕ್ಕಿಯನ್ನು ಹೆಕ್ಕತೊಡಗಿದವು. ಕೆಂಪನ್ನು ಮಾತ್ರ. ಸದರಿ ಪಕ್ಷಿಗಳು ನಮ್ಮ ಮನೆಯಲ್ಲಿ ಹುಟ್ಟಿದಂದಿನಿಂದ ತಿಂದದ್ದು ಕುಚ್ಚಲಕ್ಕಿಯ ನುಚ್ಚು. ಬಿಳಿಯದು ಅಕ್ಕಿ ಎಂದು ಅವಕ್ಕೆ ಯಾರೂ ಹೇಳಿರಲಿಲ್ಲ.

"ಟೀಚ್ರೇ, ಬಿಳಿದೇ ಉಳೀತ್ತ್ ಅಲ್ದಾ?" ಎಂದಳು ಶ್ರಾವ್ಯ.

ಯಾವುದು ಉಳಿಯುತ್ತದೆ ಎಂಬುದು ತಿನ್ನುವವರನ್ನೂ ಅವಲಂಬಿಸಿದೆ, ಇದೂ ನೈಸರ್ಗಿಕ ಆಯ್ಕೆಯೇ ಮಗು ಎಂದು ನಾನು ಹೇಳಬಹುದಿತ್ತು. ಎಷ್ಟು ಒಳ್ಳೆಯ ಉತ್ತರ! ಅದು ನನಗೆ ಹೊಳೆದದ್ದು ಮುಂದಿನ ವಾರ, ಬಟ್ಟೆ ಒಗೆಯುವಾಗ. ಅಂಗಳದಲ್ಲಿ ನಿಂತಾಗ ಹೊಳೆದದ್ದು ಬುಟ್ಟಿಯಲ್ಲಿ ಇನ್ನೊಂದು ಕೋಳಿ ಇದೆ, ಅದಕ್ಕೆ ಬಿಳಿ ಅಕ್ಕಿ ಇಷ್ಟವಿರಬಹುದು ಎಂದು. ಗೋಣಿ ಎತ್ತಿದೆ.

ಹುಂಜ ಹೊರಗೆ ಬಂತು. ಅತಿಥಿ ಶಿಕ್ಷಕರನ್ನು ಒಮ್ಮೆ ನೋಡಿತು. ಕುತ್ತಿಗೆ ನೀಡಿ ಕೂಗಿತು. ಕಂಪೌಂಡಿನ ಗೋಡೆ ಹಾರಿ ಹೋಯಿತು.

ನಾನು ಓಡಿದೆ. ಮಕ್ಕಳು ಓಡಿದರು. ಪ್ರಾತ್ಯಕ್ಷಿಕೆಯ ಭಾಗವೆಂದು ತಿಳಿದು ಅತಿಥಿಗಳಲ್ಲಿಯೂ ಕೆಲವರು ಓಡಿದರು. ನನಗೆ ಹರಕೆ, ದೈವ ಇಂಥದ್ದರಲ್ಲಿ ನಂಬಿಕೆ ಕಡಿಮೆ, ನನ್ನ ಹೆದರಿಕೆ ಏನಿದ್ದರೂ ಅತ್ತೆಯದು ಎಂದೇ ಅಲ್ಲಿಯವರೆಗೆ ತಿಳಿದಿದ್ದೆ. ಆದರೆ ಸೀರೆ ಎತ್ತಿಕಟ್ಟಿ ಹೊಳೆಬದಿಯ ಓಣಿಯಲ್ಲಿ ಓಡುವಾಗ ನನ್ನ ಕಣ್ಣ ಮುಂದಿದ್ದದ್ದು ಗಂಡನ ಕಾಲು. ಪ್ಲಾಸ್ಟರಿನಲ್ಲಿದ್ದ ಕಾಲು. ಎಂ.ಎಸ್ಸಿ. ಪದವಿ ಹಿಂದೆಲ್ಲೋ ಉಳಿಯಿತು, ನಾನು ಮುಂದೆ ಓಡಿದೆ.

ಹುಂಜ ಸಿಗಲಿಲ್ಲ. ಹುಂಜಗಳು ಸಿಕ್ಕಿದವು. ನಾನು ಏದುಸಿರು ಬಿಡುತ್ತ ಶಾಲೆಗೆ ಮರಳಿದಾಗ ಮೂವರು ವಿದ್ಯಾರ್ಥಿಗಳು ಒಬ್ಬೊಬ್ಬರೂ ಒಂದೊಂದು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಮೂರೂ ನಮ್ಮದರ ಹಾಗೆಯೇ ಕೆಂಪು. ಮೂರಕ್ಕೂ ಕಪ್ಪು ಬಾಲ. ಹಿಂದೆಯೇ ಒಬ್ಬ ಅಜ್ಜ ಗೇಟಿನೊಳಗೆ ಬಂದರು.

"ಹ್ವಾಯ್, ಎಂತ ಮಾರಾಯ್ರೇ, ಈಗ ಶಾಲಿಯಗೆ ಕೋಳಿ ಕದೂಕೂ ಕಲಿಸ್ತ್ರ್ಯಾ?"

ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. "ಟೀಚರ್, ನಿಮ್ದು ಯಾವ್ದು? ಸರಿಯಾಗಿ ಕಂಡ್ ಹೇಳಿ."

ಸರಿಯಾಗಿ ಕಂಡೆ. ಮೂರೂ ನಮ್ಮದೇ ಆಗಿದ್ದವು.

ಒಂದೇ ಜಾತಿಯ ಎರಡು ಜೀವಿಗಳು ತದ್ರೂಪವಾಗಿರುವುದಿಲ್ಲ ಎಂದು ಬೆಳಿಗ್ಗೆ ತರಗತಿಯ ಬೋರ್ಡಿನ ಮೇಲೆ ನಾನೇ ಬರೆದಿಟ್ಟದ್ದು ಕಿಟಕಿಯಿಂದ ಕಾಣುತ್ತಿತ್ತು. ಅಜ್ಜ ಕಣ್ಣಿಟ್ಟು ನೋಡದೆಯೇ ತಮ್ಮದನ್ನು ಎತ್ತಿಕೊಂಡರು. ಪಕ್ಕದ ಮನೆಯ ಹೆಂಗಸೊಬ್ಬರು ಬಂದು ಬೈದು ಇನ್ನೊಂದನ್ನು ಒಯ್ದರು. ಮೂರನೆಯದನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಅದು ನಮ್ಮದು. ಅದನ್ನು ಎದೆಗವಚಿಕೊಂಡಾಗ ನನಗಾದ ನೆಮ್ಮದಿ ಎಂ.ಎಸ್ಸಿ. ಫಲಿತಾಂಶದ ದಿನವೂ ಆಗಿರಲಿಲ್ಲ. ಅದರ ಯಜಮಾನ ಆ ದಿನ ಕುಂದಾಪುರಕ್ಕೆ ಹೋಗಿದ್ದರೆ ಎಂಬ ಯೋಚನೆ ಬಂದದ್ದು ಸ್ಕೂಟರು ಅರ್ಧ ದಾರಿಗೆ ಬಂದ ಮೇಲೆ. ನಾನು ತಿರುಗಿಸಲಿಲ್ಲ.

ಮನೆಯಲ್ಲಿ ಅತ್ತೆ ಜಗಲಿಯ ಮೇಲೆ ಕುಳಿತು ಕಾಯುತ್ತಿದ್ದರು. ಗೂಡು ತೆರೆದಾಗಲೇ ಅವರಿಗೆ ಗೊತ್ತಾಗಿತ್ತು. ಹುಂಜವನ್ನು ಕೈಗೆ ತೆಗೆದುಕೊಂಡು, ಅತ್ತಿತ್ತ ತಿರುಗಿಸಿ, ಕುತ್ತಿಗೆಯ ಗರಿಗೆ ಉಫ್ ಎಂದು ಊದಿ ನೋಡಿದರು. "ಬಂದ್ಯಾ?" ಎಂದರು. ಹುಂಜಕ್ಕೋ ನನಗೋ ತಿಳಿಯಲಿಲ್ಲ. ಕೆಳಗೆ ಬಿಟ್ಟಾಗ ಅದು ನೇರ ಗೂಡಿನೊಳಗೆ ಹೋಯಿತು ಎಂದು ನನ್ನ ನೆನಪು. ಇಲ್ಲ, ಅಂಗಳದ ನಡುವೆ ದಾರಿ ತಪ್ಪಿದ ನೆಂಟರ ಹಾಗೆ ನಿಂತಿತ್ತು, ಅಮ್ಮನೇ ನುಚ್ಚು ಚೆಲ್ಲಿ ಒಳಗೆ ಕರೆದರು ಎಂದು ಗಂಡನ ನೆನಪು. ಹುಂಜವನ್ನು ಹೇಂಟೆ ಎಂದವರ ಸಾಕ್ಷಿಯನ್ನು ನಾನು ಒಪ್ಪುವುದಿಲ್ಲ.

ಕೋಲ ಚೆನ್ನಾಗಿ ನಡೆಯಿತು. ಹುಂಜ ಒಪ್ಪಿಸಿಯಾಯಿತು. ದೈವ ಏನೂ ಆಕ್ಷೇಪ ಎತ್ತಲಿಲ್ಲ, ಗಂಡ ಈಗ ಬಸ್ಸು ಹಿಡಿಯಲು ಓಡುತ್ತಾರೆ. ಮಾದರಿ ಪಾಠದ ವರದಿಯೂ ಬಂತು: 'ಮಕ್ಕಳ ಪಾಲ್ಗೊಳ್ಳುವಿಕೆ ಅತ್ಯುತ್ತಮ.' ಎಲ್ಲ ಸುಖಾಂತ್ಯ. ಸುಮ್ಮನಿರಬಹುದಿತ್ತು.

ಮೊನ್ನೆ ಅತ್ತೆ ಜಗಲಿಯಲ್ಲಿ ಗೆರಸೆ ಹಿಡಿದು ಅಕ್ಕಿ ಆರಿಸುತ್ತಿದ್ದರು. ಪಕ್ಕದಲ್ಲಿ ಕುಳಿತು ಕೇಳಿದೆ: "ಅತ್ತೆ, ಅವತ್ತ್ ನಾ ತಂದದ್ದ್ ನಮ್ ಹುಂಜವೇ ಅಲ್ದಾ?"

ಅತ್ತೆ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆಸೆದರು. ಮತ್ತೆ ಗೆರಸೆಯತ್ತ ಬಗ್ಗಿ ಇನ್ನೊಂದು ಕಲ್ಲು ಹುಡುಕತೊಡಗಿದರು.