ಸೂಜಿ ರೂಮಿನ ಸಮಾಚಾರ

ಮೂಗು ಬಾಯಿಗೆ ಕಟ್ಟಿಕೊಳ್ಳುವ ಮಾಸ್ಕು ರೋಗಾಣು ತಡೆಯೋದಕ್ಕೆ ಅಂತ ನರ್ಸಿಂಗ್ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ನನ್ನ ಸರ್ವೀಸಿನಲ್ಲಿ ಅದು ಹೆಚ್ಚಾಗಿ ಉಪಯೋಗಕ್ಕೆ ಬಂದದ್ದು ನಗು ಮುಚ್ಚಿಕೊಳ್ಳೋದಕ್ಕೆ. ಒಂದು ನಗು ಇಳಿಯೋ ಹೊತ್ತಿಗೆ ಇನ್ನೊಂದು ಸ್ಟ್ರೆಚರ್ ಮೇಲೆ ಬಂದೇ ಬಿಡುತ್ತಿತ್ತು.

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದೆ. ತೊಂಬತ್ತರ ದಶಕದ ಕೊನೆಗೆ ಅಲ್ಲಿಗೆ ಒಬ್ಬ ಹೊಸ ಡಾಕ್ಟರು ಬಂದರು. ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ಸ್ಕ್ಯಾನಿನ ಪರದೆ ನೋಡಿಕೊಂಡು ಉದ್ದನೆಯ ಸೂಜಿಯನ್ನು ನೇರವಾಗಿ ಗೆಡ್ಡೆಯ ಒಳಕ್ಕೋ, ನೋಯುವ ನರದ ಪಕ್ಕಕ್ಕೋ ತಗೊಂಡು ಹೋಗಿ ಅಲ್ಲೇ ಚಿಕಿತ್ಸೆ ಕೊಡೋದು ಅವರ ವಿದ್ಯೆ. ಬಾಗಿಲ ಮೇಲೆ 'ಇಂಟರ್ವೆನ್ಷನಲ್ ರೇಡಿಯಾಲಜಿ' ಅಂತ ಬೋರ್ಡು ಹಾಕಿದರು. ಅದನ್ನು ಒಂದೇ ಉಸಿರಿನಲ್ಲಿ ಹೇಳಿದ ಪೇಷೆಂಟನ್ನು ನಾನು ಕಾಣಲಿಲ್ಲ. ಜನ 'ಸೂಜಿ ರೂಮು' ಅಂದರು. ಸ್ವಲ್ಪ ದಿನಕ್ಕೆ ನಾವೂ ಹಾಗೇ ಅಂದೆವು.

ಇಂಟರ್‌ವ್ಯೂ

ಒಂದು ಬೆಳಿಗ್ಗೆ ಇಪ್ಪತ್ತೈದು ವರ್ಷದ ಹುಡುಗ, ಇಸ್ತ್ರಿ ಶರಟು, ಕೈಯಲ್ಲಿ ಫೈಲು, ಬಾಗಿಲಲ್ಲಿ ನಿಂತು ಕೇಳಿದ: "ಮೇಡಂ, ಇಂಟರ್‌ವ್ಯೂ ಇಲ್ಲೇನಾ?"

ನಮ್ಮ ಬೋರ್ಡನ್ನು ಜನ ಇಂಟರ್‌ನೆಟ್ಟು, ಇಂಟರ್ವಲ್ಲು ಅಂತೆಲ್ಲ ಓದುತ್ತಿದ್ದರು. ಇವನದು ಇಂಟರ್‌ವ್ಯೂ ಅಂದುಕೊಂಡೆ. ಸೊಂಟ ನೋವಿಗೆ ಇಂಜೆಕ್ಷನ್ ತಗೊಳ್ಳೋದಕ್ಕೆ ಒಬ್ಬರು ಬರಬೇಕಿತ್ತು. "ಮಹದೇವಸ್ವಾಮಿ ಅಲ್ವೇನಪ್ಪಾ?" ಅಂದೆ. "ಹೌದು ಮೇಡಂ" ಅಂದ. ಸುಳ್ಳೇನಲ್ಲ. ಮೈಸೂರು ನಂಜನಗೂಡು ಸೀಮೆಯಲ್ಲಿ ಆ ಹೆಸರು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತೆ.

ಫೈಲು ಇಸಕೊಂಡು ಪಕ್ಕಕ್ಕಿಟ್ಟೆ. ಗೌನು ಕೊಟ್ಟು ಬಟ್ಟೆ ಬದಲಾಯಿಸು ಅಂದೆ. ಬದಲಾಯಿಸಿದ. ಬಿ.ಪಿ. ನೋಡಿದೆ. ತೋಳು ನೀಡಿದ. ಟೇಬಲ್ ಮೇಲೆ ಬೋರಲು ಮಲಗು ಅಂದೆ. ಅರೆಗಳಿಗೆ ಯೋಚನೆ ಮಾಡಿ, ಮಲಗಿದ.

ಡಾಕ್ಟರು ಬಂದು ವಿಚಾರಿಸಿದರು. "ಎಷ್ಟು ವರ್ಷದಿಂದ ಇದೆಯಪ್ಪಾ?"

"ಎರಡು ವರ್ಷದಿಂದ ಸಾರ್."

"ಬಿಟ್ಟು ಬಿಟ್ಟು ಬರುತ್ತೋ?"

"ಇಲ್ಲ ಸಾರ್, ಒಂದೇ ಸಮ. ಮಧ್ಯ ಒಂದು ದಿನವೂ ಬಿಟ್ಟಿಲ್ಲ."

"ಎಲ್ಲಿ ಅಂತ ಸರಿಯಾಗಿ ಹೇಳು."

"ಕಡಕೊಳದಲ್ಲಿ ಸಾರ್."

ಡಾಕ್ಟರಿಗೆ ಇದು ಹೊಸ ಥರದ ನೋವು. "ಕಡಕೊಳದಲ್ಲಿ ಮಾತ್ರವಾ? ಮೈಸೂರಿಗೆ ಬಂದರೆ?"

"ಮೈಸೂರಲ್ಲಿ ಸಿಕ್ಕಿದರೆ ಕಡಕೊಳದ್ದು ಇವತ್ತೇ ಬಿಟ್ಟುಬಿಡ್ತೀನಿ ಸಾರ್!"

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ ಅವರ ಕೈಯಲ್ಲಿದ್ದ ಸಿರಿಂಜು ಹುಡುಗನ ಕಣ್ಣಿಗೆ ಬಿತ್ತು. "ಸಾರ್, ಟೈಪಿಂಗ್ ಟೆಸ್ಟ್ ಇರುತ್ತೆ ಅಂತ ಕಾರ್ಡಿನಲ್ಲಿ ಬರೆದಿದ್ದರು. ಇದು ಯಾವ ಟೆಸ್ಟು ಸಾರ್?"

ಮೇಲಿನ ಮಹಡಿಯ ಆಫೀಸಿನಲ್ಲಿ ಅವತ್ತು ಗುಮಾಸ್ತರ ಇಂಟರ್‌ವ್ಯೂ ನಡೀತಿತ್ತು. ಬಟ್ಟೆ ಹಾಕಿಸಿ, ಕ್ಷಮೆ ಕೇಳಿ, ನಾನೇ ಕೈ ಹಿಡಿದು ಮೇಲೆ ಬಿಟ್ಟು ಬಂದೆ. ಕೆಲಸ ಸಿಕ್ಕಿತು. ಆದರೆ ಇದ್ದಷ್ಟು ವರ್ಷವೂ ನಮ್ಮ ಕಾರಿಡಾರಿಗೆ ಬಂದರೆ ಬೆನ್ನು ಗೋಡೆಗೆ ಆನಿಸಿಕೊಂಡೇ ನಡೆಯುತ್ತಿದ್ದ.

ಓಡಿದವರು

ಒಬ್ಬರು ರಿಟೈರಾದ ಬಸ್ ಕಂಡಕ್ಟರು. ಹೊಟ್ಟೆಯ ಹಿಂಭಾಗದಲ್ಲಿ ಒಂದು ಗಂಟು. ಸಿ.ಟಿ. ಯಂತ್ರದೊಳಗೆ ಮಲಗಿಸಿ, ಚಿತ್ರ ನೋಡಿಕೊಂಡು, ಸೂಜಿಯಿಂದ ಅದರ ಚೂರು ತೆಗೆಯಬೇಕಿತ್ತು. ಮನುಷ್ಯ ಧೈರ್ಯವಂತರು. "ಮಾಡಿ ಸ್ವಾಮಿ, ಘಾಟಿ ರಸ್ತೇಲಿ ಬ್ರೇಕ್ ಇಲ್ದ ಬಸ್ಸಲ್ಲೇ ಟಿಕೆಟ್ ಹರಿದಿದ್ದೀನಿ" ಅಂದರು.

ಸೂಜಿ ಹಾಕೋದಕ್ಕೆ ಮೊದಲು ಒಂದು ಚಿತ್ರ ತೆಗೀಬೇಕು. ಆಗ ಎಕ್ಸ್‌ರೇ ಬೀಳುತ್ತೆ ಅಂತ ನಾವೆಲ್ಲ ಹೊರಗೆ ಹೋಗಬೇಕು. ಡಾಕ್ಟರು "ಎಲ್ಲರೂ ಹೊರಡಿ" ಅಂದರು. ಡಾಕ್ಟರು, ಟೆಕ್ನೀಷಿಯನ್ನು, ನಾನು ಮೂವರೂ ಬಿರಬಿರನೆ ಪಕ್ಕದ ಗಾಜಿನ ಕೋಣೆಗೆ ಬಂದೆವು. ಪರದೆ ನೋಡಿದರೆ ಬರೀ ಟೇಬಲ್ಲಿನ ಚಿತ್ರ. ಮೇಲೆ ಮನುಷ್ಯರೇ ಇಲ್ಲ!

ಟೆಕ್ನೀಷಿಯನ್ನು ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡಿದ. ಆಗ ನನ್ನ ಹಿಂದಿನಿಂದ ಏದುಸಿರು ಕೇಳಿಸಿತು. ಕಂಡಕ್ಟರು ಗೌನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ನಮ್ಮ ಜೊತೆಯಲ್ಲೇ ನಿಂತಿದ್ದಾರೆ.

"ನೀವ್ಯಾಕೆ ಬಂದ್ರಿ ಸ್ವಾಮಿ?" ಅಂತ ಡಾಕ್ಟರು ಕೂಗಿದರು.

"ಮೂವತ್ತು ವರ್ಷ ಸರ್ವೀಸು ಕಣ್ರೀ ನಂದು," ಅಂದರು ಅವರು. "ಡ್ರೈವರೇ ಬಾಗಿಲು ತೆಗೆದು ಹಾರಿಬುಟ್ಟ ಮೇಲೆ ಕಂಡಕ್ಟರು ಒಳಗೆ ಕೂತ್ಕೊಂಡು ಏನು ಸೀಟಿ ಊದಬೇಕಾ?"

ಹತ್ತಕ್ಕೆ ಎಷ್ಟು?

ನೋವಿನ ಪೇಷೆಂಟು ಬಂದರೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು ನೋವಿದೆ ಅಂತ ಕೇಳಿ ಬರೆದುಕೊಳ್ಳೋದು ಕ್ರಮ. ಐದರ ಮೇಲಿದ್ದರೆ ಇಂಜೆಕ್ಷನ್ ವಿಚಾರ.

ಚಾಮರಾಜಪುರಂನಿಂದ ಒಬ್ಬರು ಮೇಷ್ಟ್ರು ಬಂದರು. ತಾತ ಮುತ್ತಾತ ಅರಮನೆಯಲ್ಲಿ ಪಾಠ ಹೇಳಿದವರಂತೆ. ಇವರು ಹೈಸ್ಕೂಲಿನಲ್ಲಿ ಕನ್ನಡ ಹೇಳಿ ನಿವೃತ್ತರಾಗಿದ್ದರು. ಬೆನ್ನಿನಿಂದ ಕಾಲಿಗೆ ಇಳಿಯೋ ನೋವು. ಆಟೋದಿಂದ ನಮ್ಮ ಬಾಗಿಲಿಗೆ ಬರೋದಕ್ಕೆ ಕಾಲು ಗಂಟೆ ಹಿಡಿಯಿತು. ಹೆಂಡತಿ ಒಂದು ಕಡೆ, ವಾರ್ಡ್‌ಬಾಯ್ ಒಂದು ಕಡೆ ಹಿಡಿದಿದ್ದರು.

"ಮೇಷ್ಟ್ರೇ, ಹತ್ತಕ್ಕೆ ಎಷ್ಟು ನೋವಿದೆ?"

"ನಾಲ್ಕು."

ಹೆಂಡತಿ ತಡೀಲಾರದೆ, "ನಾಲ್ಕೇನ್ರೀ! ಬೆಳಿಗ್ಗೆ ಬಚ್ಚಲಲ್ಲಿ ನೀವು ಕೂಗಿದ್ದಕ್ಕೆ ಪಕ್ಕದ ಮನೆಯವರು ಕಳ್ಳ ಬಂದ ಅಂತ ದೊಣ್ಣೆ ಹಿಡ್ಕೊಂಡು ಓಡಿಬಂದ್ರಲ್ಲಾ!" ಅಂದರು.

"ನೀನು ಸುಮ್ಮನಿರು. ಜನ್ಮದಲ್ಲಿ ಯಾವ ಹುಡುಗನಿಗೂ ಹತ್ತಕ್ಕೆ ಆರರ ಮೇಲೆ ಕೊಟ್ಟವನಲ್ಲ ನಾನು. ಈ ನೋವಿಗೆ ಕೊಡ್ತೀನಾ?"

ಡಾಕ್ಟರು ಕಾಗದದ ಅಂಕ ಬಿಟ್ಟು ಮುಖ ನೋಡಿ ತೀರ್ಮಾನ ಮಾಡಿದರು. ಎಕ್ಸ್‌ರೇ ಪರದೆ ನೋಡುತ್ತ ಸೂಜಿಯನ್ನು ನರದ ಹತ್ತಿರಕ್ಕೆ ತಂದಾಗ ಮೇಷ್ಟ್ರು ಹಾಕಿದ ಕೂಗಿಗೆ ಹೊರಗೆ ಕೂತಿದ್ದ ಇಬ್ಬರು ಎದ್ದು ಮನೆಗೆ ಹೋದರು. "ಈಗ ಎಷ್ಟು ಸಾರ್?" ಅಂದರು ಡಾಕ್ಟರು.

"ನಾಲ್ಕೂವರೆ."

ಔಷಧಿ ಹೋಯಿತು. ಒಂದು ಗಂಟೆ ಕಳೆದ ಮೇಲೆ ಮೇಷ್ಟ್ರು ಯಾರ ಕೈಯೂ ಹಿಡಿಯದೆ ಎದ್ದು, ಕಾರಿಡಾರಿನ ಆ ತುದಿಗೆ ಹೋಗಿ ಬಂದರು. ಅವರ ಹೆಂಡತಿ ಕಣ್ಣೊರೆಸಿಕೊಂಡರು. ಡಾಕ್ಟರು ಉಬ್ಬಿಹೋದರು. "ನನಗೆ ಎಷ್ಟು ಕೊಡ್ತೀರಿ ಮೇಷ್ಟ್ರೇ?" ಅಂತ ಕೇಳಿಯೇ ಬಿಟ್ಟರು.

ಮೇಷ್ಟ್ರು ಔಷಧಿ ಚೀಟಿಯನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿದರು. "ಐದು. ಆರು ಕೊಡಬಹುದಿತ್ತು. ಅಕ್ಷರಕ್ಕೆ ಒಂದು ಕಳೆದಿದ್ದೀನಿ."

ಹೊಗೆ

ಸಗಟು ಬೆಲ್ಲದ ವ್ಯಾಪಾರಿಯೊಬ್ಬರ ಯಕೃತ್ತಿನಲ್ಲಿ ನಿಂಬೆಕಾಯಿಯಷ್ಟು ಗೆಡ್ಡೆ. ಸೂಜಿ ಚುಚ್ಚಿ, ಅದರ ತುದಿ ಕಾಯಿಸಿ, ಗೆಡ್ಡೆಯನ್ನು ಒಳಗೇ ಸುಟ್ಟುಹಾಕೋ ಚಿಕಿತ್ಸೆ ಆಗಿನ್ನೂ ಹೊಸದು. ಅವರು ಹೆದರಿ ಅರ್ಧವಾಗಿದ್ದರು. ಮಠದ ಸ್ವಾಮಿಗಳ ಕಾಲಿಗೆ ಬಿದ್ದು ಬಂದರು. ನೆಂಟರಿಗೆಲ್ಲ 'ಇನ್ನು ನೋಡ್ತೀನೋ ಇಲ್ವೋ' ಅಂತ ಫೋನು ಮಾಡಿದರು. ಚಿಕಿತ್ಸೆ ಸಲೀಸಾಗಿ ಮುಗಿದು ಮಾರನೇ ದಿನ ಮನೆಗೆ ಹೋದರು.

ಮೂರನೇ ದಿನ ಮುಖ ಸಣ್ಣಗೆ ಮಾಡಿಕೊಂಡು ವಾಪಸು ಬಂದರು. ನಾನು ಓಡಿಹೋಗಿ ಹಣೆ ಮುಟ್ಟಿ ನೋಡಿದೆ. "ಜ್ವರ ಬಂತಾ ಯಜಮಾನ್ರೇ?"

"ಜ್ವರ ಬಂದಿದ್ರೂ ಚೆನ್ನಾಗಿತ್ತು ಸಿಸ್ಟರಮ್ಮ. ಮರ್ಯಾದೆ ಹೋಯ್ತು."

ನೆಂಟರು ಕಿತ್ತಳೆಹಣ್ಣು, ಹಾರ್ಲಿಕ್ಸು ಹೊತ್ತುಕೊಂಡು ವ್ಯಾನು ಮಾಡಿಕೊಂಡು ಬಂದಿದ್ದರಂತೆ. ಎಲ್ಲಿ ಆಪರೇಷನ್ ತೋರಿಸಿ ಅಂದರಂತೆ. ಇವರು ಬನಿಯನ್ ಎತ್ತಿ ತೋರಿಸಿದರೆ ಒಂದು ಚುಕ್ಕೆ. "ನಮ್ಮ ಭಾವಮೈದ ಕನ್ನಡಕ ಹಾಕ್ಕೊಂಡು ನೋಡಿ, 'ಸೊಳ್ಳೆ ಪರದೆ ಕಟ್ಟಿಸ್ಕೊಳ್ಳಿ ಭಾವ' ಅಂದುಬುಟ್ಟ ಕಣಮ್ಮ! ಹಾರ್ಲಿಕ್ಸೂ ವಾಪಸು ತಗೊಂಡು ಹೋದ."

ಅವರ ಸಂಕಟ ನೋಡಲಾರದೆ ಡಾಕ್ಟರು ನನಗೆ ಕಣ್ಣುಸನ್ನೆ ಮಾಡಿದರು. ಎದೆಯಿಂದ ಹೊಕ್ಕುಳವರೆಗೆ ಬಿಳಿ ಬ್ಯಾಂಡೇಜು ಆರು ಸುತ್ತು ಸುತ್ತಿ, ಬಲಗಡೆ ಒಂದು ದೊಡ್ಡ ಹತ್ತಿಯ ಗಂಟು ಇಟ್ಟು ಕಳಿಸಿದೆ. ಮದುವೆ ಗಂಡಿನ ಹಾಗೆ ನಿಧಾನವಾಗಿ ಹೆಜ್ಜೆ ಇಟ್ಟುಕೊಂಡು ಹೋದರು.

ಮುಂದಿನ ತಿಂಗಳು ಸ್ಕ್ಯಾನಿಗೆ ಬಂದಾಗ ಗೆಡ್ಡೆ ಪೂರ್ತಿ ಸತ್ತಿತ್ತು. "ನೆಂಟರು ಒಪ್ಪಿದ್ರಾ?" ಅಂತ ಕೇಳಿದೆ.

"ಒಪ್ಪಿದ್ರು. ಆದ್ರೆ ಒಂದಿನ ಸ್ನಾನ ಆದ್ಮೇಲೆ ನಮ್ಮ ಮನೆಯವಳು ಮರೆತು ಆ ಗಂಟನ್ನ ಎಡಗಡೆಗೆ ಕಟ್ಟಿಬುಟ್ಟಿದ್ಲು. ಆ ಭಾವಮೈದ ಹಿಡಕೊಂಡ. 'ಮೊನ್ನೆ ಬಲಗಡೆ ಇತ್ತಲ್ಲ ಭಾವ?' ಅಂದ."

"ಅಯ್ಯೋ! ನೀವೇನು ಅಂದ್ರಿ?"

"'ಲೋ, ಸುಟ್ಟಿದ್ದು ಬಲಗಡೆ, ಹೊಗೆ ತೆಗೆದಿದ್ದು ಎಡಗಡೆ' ಅಂದೆ. ಹಾರ್ಲಿಕ್ಸು ಎರಡು ಬಾಟ್ಲು ತಂದುಕೊಟ್ಟ ಕಣಮ್ಮ."

ಕ್ಯೂರಿಂಗು

ಎಲ್ಲದಕ್ಕಿಂತ ಹೆಚ್ಚಾಗಿ ನಾನು ನಕ್ಕಿದ್ದು, ನಗೋದಕ್ಕೆ ಮುಂಚೆ ಹೆಚ್ಚಾಗಿ ಹೆದರಿದ್ದೂ, ಒಬ್ಬ ಗಾರೆ ಮೇಸ್ತ್ರಿಯ ದೆಸೆಯಿಂದ.

ಶ್ರೀರಾಂಪುರದ ಕಡೆ ಹೊಸ ಬಡಾವಣೆಗಳು ಏಳುತ್ತಿದ್ದ ಕಾಲ. ಈ ಮೇಸ್ತ್ರಿ ಅಲ್ಲಿ ಬೀದಿಗೆರಡು ಮನೆ ಕಟ್ಟುತ್ತಿದ್ದ. ಅವನ ತಾಯಿ ಎಪ್ಪತ್ತು ದಾಟಿದ ಅಜ್ಜಿ. ನೀರಿನ ಬಿಂದಿಗೆ ಎತ್ತೋದಕ್ಕೆ ಹೋಗಿ ಬೆನ್ನಿನ ಒಂದು ಮೂಳೆ ಕುಸಿದಿತ್ತು. ಎರಡು ತಿಂಗಳಿಂದ ಮಲಗಿದ್ದಲ್ಲೇ. ಮಗ್ಗುಲು ತಿರುಗಿಸಿದರೂ ಅಳುತ್ತಿದ್ದಳು. ಆಳೆತ್ತರದ ಮೇಸ್ತ್ರಿ ನಮ್ಮೆದುರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. "ನಮ್ಮವ್ವ ಇನ್ನು ಎದ್ದೇಳಕಿಲ್ವಾ ಸಾ?"

ಡಾಕ್ಟರು ಭುಜ ತಟ್ಟಿ ಹೇಳಿದರು: "ಏಳ್ತಾರಪ್ಪ. ಮೂಳೆ ಕುಸಿದಿದೆ, ಅಷ್ಟೆ. ಸೂಜಿಯಲ್ಲಿ ಅದರೊಳಕ್ಕೆ ಸಿಮೆಂಟು ತುಂಬ್ತೀವಿ. ಗಟ್ಟಿಯಾಗುತ್ತೆ."

ಮೇಸ್ತ್ರಿಯ ಅಳು ನಿಂತುಹೋಯಿತು. ಎರಡು ತಿಂಗಳಿಂದ ಹತ್ತು ಡಾಕ್ಟರು ಆಡಿದ್ದು ಅವನಿಗೆ ಅರ್ಥವಾಗಿರಲಿಲ್ಲ. ಇದೊಂದು ಅರ್ಥವಾಯಿತು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೇಳಿದ: "ಮರಳು ಎಷ್ಟಕ್ಕೆಷ್ಟು ಸಾ?"

"ಮರಳು ಹಾಕೋದಿಲ್ಲ. ಇದು ಮೂಳೆಗೇ ಅಂತ ಮಾಡಿದ ಬೇರೆ ಸಿಮೆಂಟು."

"ಬರೀ ಸಿಮೆಂಟಾ! ಬಿರುಕು ಬುಟ್ಬುಡ್ತದೆ ಸಾ!"

"ಬಿಡಲ್ಲ ಕಣಪ್ಪ. ಅರ್ಧ ಗಂಟೆಯಲ್ಲಿ ಸೆಟ್ ಆಗುತ್ತೆ."

ಅರ್ಧ ಗಂಟೆ ಅಂದದ್ದು ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ ಅಂತ ಮುಖವೇ ಹೇಳುತ್ತಿತ್ತು.

ಚಿಕಿತ್ಸೆ ಆಯಿತು. ಸಂಜೆ ಅಜ್ಜಿ ನನ್ನ ಕೈ ಹಿಡಿದು ಎದ್ದು ನಿಂತಳು. ಎರಡು ತಿಂಗಳ ಮೇಲೆ ಕಿಟಕಿಯವರೆಗೆ ನಡೆದು, ಬೀದಿ ನೋಡಿ, "ನೋವೇ ಇಲ್ವಲ್ಲ ಮಗಾ" ಅಂತ ನನ್ನ ಗಲ್ಲ ಸವರಿದಳು. ಡಾಕ್ಟರು ಎಕ್ಸ್‌ರೇ ತೋರಿಸಿದರು. ಮೇಸ್ತ್ರಿ ಕುತ್ತಿಗೆ ಓರೆ ಮಾಡಿ ನೋಡಿ, "ಫಿನಿಷಿಂಗ್ ಚೆಂದಾಗದೆ ಸಾ" ಅಂತ ಮೆಚ್ಚಿಕೊಂಡ. ಮನೆಯಲ್ಲಿ ಓಡಾಡಲಿ, ಒಂದು ವಾರ ಬಿಟ್ಟು ಕರಕೊಂಡು ಬಂದು ತೋರಿಸು ಅಂತ ಹೇಳಿ ಕಳಿಸಿದೆವು.

ವಾರಕ್ಕೆ ಸರಿಯಾಗಿ ಬಂದರು. ಅಜ್ಜಿ ನಡೆದು ಬರಲಿಲ್ಲ. ನಾಲ್ಕು ಜನ ಗಾರೆಯಾಳುಗಳು ಒಂದು ಹಲಗೆಯ ಮೇಲೆ ಬೋರಲು ಮಲಗಿಸಿ, ಕಂಬಳಿ ಹೊದಿಸಿ, ಹೊತ್ತು ತಂದರು. ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಹೆದರಿ ಡಾಕ್ಟರನ್ನು ಕೂಗಿದೆ. ಡಾಕ್ಟರು ಊಟದ ಡಬ್ಬಿ ಬಿಟ್ಟು ಓಡಿಬಂದರು.

"ಅಜ್ಜಿ! ಏನಾಯ್ತು? ಮತ್ತೆ ನೋವು ಬಂತಾ?"

"ನೋವು ಯಾಕ್ ಬಂದದು ಸ್ವಾಮಿ... ಆಕ್ಷೀ!" ಅಂದಳು ಅಜ್ಜಿ. "ನೆಗಡಿ ಬಂದದೆ. ಎದ್ರೆ ಬಿರುಕು ಬುಡ್ತೀಯ ಅಂತ ನನ್ ಮಗ ಎದರ್ಸಿಬುಟ್ಟವ್ನೆ."

ಮೇಸ್ತ್ರಿ ಅಭಿಮಾನದಿಂದ ಮುಂದೆ ಬಂದ. "ಏಳಕ್ಕೇ ಬುಟ್ಟಿಲ್ಲ ಸಾ. ಹೊಸ ಸಿಮೆಂಟಲ್ವಾ, ದಿನಕ್ಕೆ ಮೂರು ಸಲ ನಾನೇ ನಿಂತು ನೀರು ಹಾಕಿ ಕ್ಯೂರಿಂಗ್ ಮಾಡಿವ್ನಿ." ಕಂಬಳಿ ಎತ್ತಿದ. ಅಜ್ಜಿಯ ಬೆನ್ನ ಮೇಲೆ ನೀರಲ್ಲಿ ಅದ್ದಿದ ಗೋಣಿಚೀಲ ನೀಟಾಗಿ ಹಾಸಿತ್ತು.

ಡಾಕ್ಟರು ಗೋಣಿಚೀಲದ ಅಂಚು ಎತ್ತಿ ನೋಡಿದರು. ಸ್ಟೆತಸ್ಕೋಪಿಟ್ಟು ಎದೆ ನೋಡಿದರು. ಬರೀ ನೆಗಡಿ. ಆಮೇಲೆ ಹೇಳಿದರು: "ಅಜ್ಜಿ, ಈ ಸಿಮೆಂಟಿಗೆ ನೀರು ಬೇಕಾಗಿಲ್ಲ. ಅದು ಅವತ್ತೇ ಗಟ್ಟಿಯಾಗಿದೆ. ನೀವು ಎದ್ದು ಓಡಾಡಬಹುದು."

"ಅವತ್ತೇನಾ?" ಅಂದಳು ಅಜ್ಜಿ.

"ಅವತ್ತೇ."

ಅಜ್ಜಿ ಹಲಗೆಯಿಂದ ಕಾಲು ಇಳಿಸಿದಳು. ಮೇಸ್ತ್ರಿ ಎರಡೂ ಕೈ ಚಾಚಿ, "ಅವ್ವಾ ಬ್ಯಾಡ! ಸೆಂಟ್ರಿಂಗ್ ಹಲಗೆ ಬಿಚ್ಚಕ್ಕೆ ಇನ್ನೂ ಎರಡು ವಾರ ಅದೆ!" ಅಂತ ಕಿರುಚಿದ.

ಗೋಣಿಚೀಲ ಪಚಕ್ಕೆಂದು ನೆಲಕ್ಕೆ ಬಿತ್ತು. ಅಜ್ಜಿ ಬಗ್ಗಿ ಅದನ್ನು ಎತ್ತಿಕೊಂಡು, ಸೊಂಟ ತಿರುಗಿಸಿ, ಮಗನ ಬೆನ್ನಿಗೆ ಬೀಸಿ ಒಂದು ಬಿಟ್ಟಳು. ಅವನು ಕಾರಿಡಾರಿನಲ್ಲಿ ಓಡಿದ. "ನಿಂತ್ಕಳ್ಳಾ, ನಿಂಗೂ ಒಸಿ ಕ್ಯೂರಿಂಗ್ ಮಾಡ್ತೀನಿ!" ಅಂತ ಅಜ್ಜಿಯೂ ಹಿಂದೆಯೇ ಹೊರಟಳು.

ನಾನು ಗಾಬರಿಯಿಂದ ಡಾಕ್ಟರ ಕಡೆ ತಿರುಗಿದೆ. ಅವರು ಬಾಗಿಲಿಗೆ ಒರಗಿಕೊಂಡು ಶಾಂತವಾಗಿ ನೋಡುತ್ತಿದ್ದರು.

"ಸಿಸ್ಟರ್, ಕೇಸ್ ಶೀಟಿನಲ್ಲಿ ಬರಕೊಳ್ಳಿ," ಅಂದರು. "ಪೇಷೆಂಟು ಬಗ್ಗುತ್ತಾರೆ, ಭಾರ ಎತ್ತುತ್ತಾರೆ, ಬೀಸುತ್ತಾರೆ, ಓಡುತ್ತಾರೆ. ನೋವು ಮಗನಿಗೆ ಮಾತ್ರ."