ಹಿತ್ತಲ ಕೋಣೆಯ ಹಾಡು

"ಇನ್ನೊಮ್ಮಿ ಈ ವೈರ್ ನನ್ನ ಕಾಲಾಗ ಸಿಕ್ತಂದ್ರ ಕುಡುಗೋಲು ತಗೊಂಡು ಕೊಯ್ದು ಒಗಿತೇನಿ ನೋಡ್ರಿ! ವೈರನೂ ಕೊಯ್ತೇನಿ, ಆ ಡಬ್ಬಿನೂ ಒಡಿತೇನಿ!"

ಸುಮಿತ್ರಾಬಾಯಿ ನಡುಮನೆಯ ನೆಲದ ಮೇಲೆ ಬಿದ್ದಲ್ಲಿಂದಲೇ ಕೂಗುತ್ತಿದ್ದಳು. ಆಕೆಯ ಸುತ್ತ ಜೋಳದ ರೊಟ್ಟಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಒಂದು ರೊಟ್ಟಿ ಮಾತ್ರ ಗಾಲಿಯಂತೆ ಉರುಳುತ್ತ ಹೋಗಿ ಗಂಡ ಗುರಣ್ಣನ ಕಾಲ ಬಳಿ ನಿಂತಿತು.

"ನೋಡಿ ನಡೀಬೇಕಬೇ. ಕಣ್ಣ ಎಲ್ಲಿದ್ವು?" ಎಂದ ಗುರಣ್ಣ.

"ರೊಟ್ಟಿ ಮ್ಯಾಲಿದ್ವು! ನನ್ನ ಮನ್ಯಾಗ ನಾ ನೆಲಾ ನೋಡ್ಕೋತ ತಿರಗಬೇಕೇನು? ದೇವರ ಜಗಲಿ ಮುಂದ ಹಾವು ಮಲಗಿದಂಗ ಮಲಗೇದ ನಿಮ್ಮ ವೈರ್. ಕೇಳ್ರಿ, ಇವತ್ತ ದೀಪ ಹಚ್ಚೂದರೊಳಗ ವೈರ್ ಇಲ್ದ ಆ ಡಬ್ಬಿ ಹಾಡಬೇಕು. ಇಲ್ಲಂದ್ರ ಮುಜೀಬನ ಅಂಗಡಿಗಿ ವಾಪಸ್. ವಾಪಸ್ ತಗೊಳ್ಳಾಕ ಇವತ್ತೇ ಕಡಿ ದಿನಾ ಅಂತ ಅವನೇ ಹೇಳ್ಯಾನಲ್ಲ?"

ಗುರಣ್ಣ ಬಗ್ಗಿ ಕಾಲ ಬಳಿಯ ರೊಟ್ಟಿ ಎತ್ತಿಕೊಂಡ. ಜೇವರ್ಗಿಯ ದಾಲ್ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ತೊಗರಿ ಒಡೆಯುವ ಯಂತ್ರದ ಪಕ್ಕ ನಿಂತವನು ಅವನು. ಸಂಜೆ ಮನೆಗೆ ಬಂದರೂ ಯಂತ್ರ ಕಿವಿಯೊಳಗೇ ಓಡುತ್ತಿತ್ತು. ಹಿತ್ತಲ ಕೋಣೆಯಲ್ಲಿ ಒಂದು ತಾಸು ಒಬ್ಬನೇ ಕೂತು ತತ್ವಪದ ಕೇಳಬೇಕು, ಆ ಸದ್ದು ಕಿವಿಯಿಂದ ಹೋಗಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಅದಕ್ಕೇ ಬಸ್ ಸ್ಟ್ಯಾಂಡಿನ ಮುಜೀಬನ ಅಂಗಡಿಯಿಂದ ಈ ಡಬ್ಬಿ ತಂದಿದ್ದ. ಇಂಟರ್‌ನೆಟ್ಟಿನಿಂದ ಹಾಡು ಎಳೆದುಕೊಂಡು ಸ್ಪೀಕರಿಗೆ ಕೊಡುವ ಡಬ್ಬಿ. ಮುಂದಿನ ಪಡಸಾಲೆಯಲ್ಲಿ ಫೋನಿನ ಮೇಲೆ ಬೆರಳೊತ್ತಿ ಬಂದು ಕೂತರೆ ಸಾಕು, ಏಕತಾರಿ ಮೀಟುವವನು ಪಕ್ಕದಲ್ಲೇ ಕೂತಂತೆ ಕೇಳುತ್ತಿತ್ತು.

ಆದರೆ ನೆಟ್ಟಿನ ಪೆಟ್ಟಿಗೆ ಇದ್ದದ್ದು ಬೀದಿಯ ಕಡೆಯ ಪಡಸಾಲೆಯಲ್ಲಿ. ನಡುವೆ ಎರಡು ಕಲ್ಲಿನ ಗೋಡೆಗಳು, ಒಂದೊಂದೂ ಎರಡು ಮೊಳ ದಪ್ಪ. ಫಿರಂಗಿ ಗುಂಡಿಗೇ ಜಗ್ಗದ ಗೋಡೆಯನ್ನು ವೈಫೈ ಹೇಗೆ ದಾಟೀತು? ಹಾಗಾಗಿ ನಡುಮನೆಯ ಉದ್ದಕ್ಕೂ ವೈರು ಬಂದಿತ್ತು, ವೈರಿಗೆ ಸುಮಿತ್ರಾಬಾಯಿಯ ಕಾಲು ಸಿಕ್ಕಿತ್ತು.

ಜಗಳದ ಸದ್ದಿಗೆ ಎದುರು ಮನೆಯ ಹಮೀದಾಬೇಗಂ ಬಂದಳು. ಗಾಯದ ಬಗ್ಗೆ ಕೇಳುವ ಮೊದಲೇ ಉಪಾಯ ಹೇಳಿದಳು. "ನೆಟ್ಟಿನ ಪೆಟ್ಟಿಗಿ ಹಿಂದ ಸ್ಟೀಲ್ ಪರಾತ ನಿಂದರಸ್ರಿ ಗುರಣ್ಣ. ಕನ್ನಡ್ಯಾಗ ಬಿಸಿಲು ಹೊಳ್ಳಿದಂಗ ನೆಟ್ಟು ಹಿತ್ತಲ ಕಡಿ ಹೊಳ್ಳತದ."

ಪರಾತ ನಿಲ್ಲಿಸಿದ್ದಾಯಿತು. ನೆಟ್ಟು ಹೊರಳಲಿಲ್ಲ. ಪರಾತವಿಲ್ಲದೆ ಮತ್ತೆ ರೊಟ್ಟಿಗೆ ಹಿಟ್ಟು ನಾದುವುದು ಮಾತ್ರ ನಿಂತಿತು. ಗುರಣ್ಣನಿಗೆ ಇನ್ನೊಂದು ಸುತ್ತು ಬೈಗುಳ ಬಿತ್ತು.

ಆಗ ಹಮೀದಾಬೇಗಮಳ ಗಂಡ ಇಮಾಮಸಾಬ ಬಂದ. ಮೂವತ್ತೆರಡು ವರ್ಷ ಲೈನ್‌ಮ್ಯಾನ್ ಆಗಿದ್ದು ನಿವೃತ್ತನಾದವನು. ಕಂಬ ಹತ್ತುವುದು ಬಿಟ್ಟಮೇಲೆ ಮಂದಿಯ ತಲೆಯ ಮೇಲೆ ಹತ್ತುತ್ತಿದ್ದ.

"ಅಲ್ಲೋ ಗುರಣ್ಣ, ಇಷ್ಟಕ್ಕ ಯಾಕ ಪರೇಶಾನ್ ಆಗ್ತಿ? ಮುಜೀಬನ ಕಡಿ ಎರಡು ಪ್ಲಗ್ ಸಿಗ್ತಾವ. ಒಂದ ಪಡಸಾಲ್ಯಾಗ ಚುಚ್ಚು, ನೆಟ್ಟಿನ ಪೆಟ್ಟಿಗಿಗಿ ಗೇಣುದ್ದದ ವೈರ್ ಕೊಡು. ಇನ್ನೊಂದ ಹಿತ್ತಲ ಕೋಣ್ಯಾಗ ಚುಚ್ಚು, ಡಬ್ಬಿಗಿ ಗೇಣುದ್ದದ ವೈರ್ ಕೊಡು. ನಡುವ ಏನೂ ಬ್ಯಾಡ. ಗ್ವಾಡ್ಯಾಗಿನ ಕರೆಂಟಿನ ವೈರಿನಾಗೇ ನೆಟ್ಟು ಹರೀತದ."

"ಖರೇನಾ ಸಾಬ?"

"ನನ್ನ ಸರ್ವಿಸ್ ಮ್ಯಾಲೆ ಆಣಿ!"

ಗುರಣ್ಣ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ಓಡಿ ಪ್ಲಗ್ಗಿನ ಜೋಡಿ ತಂದ. ಎರಡೂ ಕಡೆ ಚುಚ್ಚಿದ. ಜೋಡಿ ಕೂಡಿದರೆ ಹಸಿರು ದೀಪ ಬರಬೇಕು. ಎರಡೂ ಕಡೆ ಕೆಂಪು ಬಂತು. ಕಿತ್ತು ಮತ್ತೆ ಚುಚ್ಚಿದ. ಕೆಂಪು. ಇಮಾಮಸಾಬ ಫ್ರಿಜ್ಜು ನಿಲ್ಲಿಸಿದ, ಫ್ಯಾನು ನಿಲ್ಲಿಸಿದ, ಅಡುಗೆಮನೆಯ ಮಿಕ್ಸರ್ ನಿಲ್ಲಿಸಿದ. ಮಿಕ್ಸರಿನೊಳಗೆ ಅರ್ಧ ಅರೆದ ಶೇಂಗಾ ಚಟ್ನಿ ಇತ್ತು. ಸುಮಿತ್ರಾಬಾಯಿ ಅದನ್ನೂ ಗಂಡನ ಲೆಕ್ಕಕ್ಕೇ ಹಾಕಿ ಬೈದಳು. ದೀಪ ಕೆಂಪಗೇ ಇತ್ತು.

ಇಮಾಮಸಾಬನ ಮುಖ ಗಂಭೀರವಾಯಿತು. "ಮೇನ್ ಆರಿಸಿ ನೋಡ್ತೇನಿ" ಎಂದ.

ಮೇನ್ ಆರಿತು. ಮನೆಯಲ್ಲಿ ಎಲ್ಲವೂ ನಿಂತವು. ಹಿತ್ತಲ ಕೋಣೆಯ ಬಲ್ಬು ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು.

ಎಲ್ಲರೂ ಬಲ್ಬನ್ನು ನೋಡಿದರು.

ಹನ್ನೆರಡು ವರ್ಷದ ಹಿಂದೆ ಈ ಮನೆ ಪಾಲಾಗಿತ್ತು. ಐದು ಮಂದಿ ಹಿರಿಯರು ಕೂತು ಕೊಡ, ಕೊಪ್ಪರಿಗೆ, ಬಾಗಿಲ ಚಿಲಕ ಎಲ್ಲವನ್ನೂ ಹಂಚಿದ್ದರು. ಬಾವಿ ಅಣ್ಣ ಶಾಂತಮಲ್ಲಪ್ಪನಿಗೆ ಹೋಯಿತು. ಅದಕ್ಕೆ ಬದಲು, ಅಣ್ಣನ ಭಾಗಕ್ಕೆ ಅಂಟಿಕೊಂಡಿದ್ದ ಹಿತ್ತಲ ಕೋಣೆ ಗುರಣ್ಣನಿಗೆ ಬಂತು. ನಡುವಿನ ಬಾಗಿಲಿಗೆ ಕಲ್ಲು ಕಟ್ಟಿಸಿದರು. ಗೋಡೆಯ ಒಳಗಿನ ಕರೆಂಟಿನ ವೈರು ಯಾರಿಗೂ ನೆನಪಾಗಲಿಲ್ಲ. ಆವತ್ತು ಮಾತು ಬೆಳೆದು, "ಇನ್ನ ನಿನ್ನ ಮನಿ ಹುಲ್ಲುಕಡ್ಡಿ ಸುದ್ದಾ ಮುಟ್ಟಿದ್ರ ನಾ ನಮ್ಮಪ್ಪಗ ಹುಟ್ಟಿಲ್ಲ" ಎಂದು ಗುರಣ್ಣ ಐವರ ಮುಂದೆ ಆಣೆ ಮಾಡಿದ್ದ. ಅಲ್ಲಿಂದ ಇಲ್ಲಿಯವರೆಗೆ ಅಣ್ಣನ ಜೊತೆ ಮಾತಿಲ್ಲ. ಆ ಆಣೆಯನ್ನು ಮಿಲ್ಲಿನಲ್ಲಿ, ಮಠದಲ್ಲಿ, ಮದುವೆಮನೆಗಳಲ್ಲಿ ಹೇಳಿಕೊಂಡು ಎದೆಯುಬ್ಬಿಸಿ ತಿರುಗಿದ್ದ.

"ಸಾಬ, ಸುಮ್ಮನಿರು" ಎಂದು ಪಿಸುಗುಟ್ಟಿ ಇಮಾಮಸಾಬನ ಕೈ ಹಿಡಿದ.

ಆದರೆ ಇಮಾಮಸಾಬನಿಗೆ ನಿವೃತ್ತಿಯ ನಂತರ ಮೊದಲ ಸಲ ಒಂದು ದೊಡ್ಡ ದೋಷ ಸಿಕ್ಕಿತ್ತು. ಅವನು ಗೋಡೆಯ ಕಡೆ ತಿರುಗಿ ಕಂಬದ ಮೇಲಿನ ದನಿಯಲ್ಲಿ ಕೂಗಿದ. "ಶಾಂತಮಲ್ಲಪ್ಪಣ್ಣಾ! ನಿಮ್ಮ ಮೇನ್ ಜರಾ ಆರಿಸ್ರಿ!"

ಹಿತ್ತಲ ಕೋಣೆ ಕತ್ತಲಾಯಿತು.

"ಹಾಂ, ನೋಡು!" ಇಮಾಮಸಾಬ ಕುಣಿದುಬಿಟ್ಟ. "ಹನ್ನೆರಡು ವರ್ಷ ಅಣ್ಣನ ಕರೆಂಟ್ ಸುಟ್ಟೀದಿ ಗುರಣ್ಣ! ಪಡಸಾಲಿ ನಿನ್ನ ಮೀಟರಿಗದ, ಈ ಕೋಣಿ ಅವರ ಮೀಟರಿಗದ. ಪ್ಲಗ್ಗು ಹ್ಯಾಂಗ ಕೂಡಬೇಕು?"

"ಇದಕ್ಕೇನು ಮಾಡೂದ್ರಿ ಈಗ?" ಸುಮಿತ್ರಾಬಾಯಿ ಕೇಳಿದಳು.

"ಪಡಸಾಲಿಯಿಂದ ಹಿತ್ತಲತನ ಹೊಸಾ ವೈರ್ ಎಳೀಬೇಕು."

"ಮತ್ತ ವೈರಾ?" ಎಂದು ಆಕೆ ಕೇಳಿದ ರೀತಿಗೆ ಲೈನ್‌ಮ್ಯಾನ್ ಎರಡು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಶಾಂತಮಲ್ಲಪ್ಪ ಒಳಗೆ ಬಂದ. ಹಿಂದೆಯೇ ಹೆಂಡತಿ ಬಸವೇಶ್ವರಿ. ಗುರಣ್ಣ ಗೋಡೆಗೆ ಬೆನ್ನು ಹಚ್ಚಿ ನಿಂತ. ಅಣ್ಣ ಬೈದರೆ ಬೈಯೋಣ, ಹೊಡೆದರೆ ಹೊಡೆಯೋಣ ಎಂದು ಮುಷ್ಟಿ ಕಟ್ಟಿದ.

"ಪಾಲಾದ ಮೂರನೇ ದಿನಾನೇ ಗೊತ್ತಾಗಿತ್ತು ನನಗ" ಎಂದ ಶಾಂತಮಲ್ಲಪ್ಪ ಮೆಲ್ಲಗೆ.

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಕತ್ತಲಾಗ ಕುಂದರ್ತಿದ್ದಿ. ನಿನ್ನ ಸಿಟ್ಟು ನನಗ ಗೊತ್ತಿಲ್ಲೇನು ತಮ್ಮಾ?"

ಗುರಣ್ಣನ ಮುಷ್ಟಿ ಸಡಿಲವಾಯಿತು. ಸುಮಿತ್ರಾಬಾಯಿ ಆಗಲೇ "ಅಕ್ಕಾ" ಎನ್ನುತ್ತ ಬಸವೇಶ್ವರಿಯ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದಳು. "ಈ ಮನಷ್ಯಾನ ಸಲುವಾಗಿ ಹನ್ನೆರಡು ವರ್ಷ ನಿನ್ನ ಮಾರಿ ನೋಡಲಿಲ್ಲಕ್ಕಾ!"

"ಈಗ ಅಳೂದು ಬಿಡ್ರಿ. ತಮ್ಮಾ, ನಿನಗ ಹಾಡ ಬೇಕಲ್ಲ?" ಎಂದ ಅಣ್ಣ. "ಆ ಪಡಸಾಲ್ಯಾಗಿನ ಪ್ಲಗ್ಗು ಇತ್ತ ಕೊಡು. ನಮ್ಮ ನೆಟ್ಟಿನ ಪೆಟ್ಟಿಗಿಗಿ ಹಚ್ಚಿಸ್ತೇನಿ. ಮೀಟರ್ ಒಂದೇ ಆಗ್ತದ, ದೀಪ ಹಸರ ಬರ್ತದ."

ಗುರಣ್ಣ ಡಬ್ಬಿಯ ಕಡೆ ನೋಡಿದ. ಬಿಸಿಲು ಇಳಿಯುತ್ತಿತ್ತು. ಆಣೆಯೋ ಹಾಡೋ? ಆಣೆ ಮುರಿದು ಹೇಗೂ ಹನ್ನೆರಡು ವರ್ಷವಾಗಿತ್ತು. ಪ್ಲಗ್ಗು ಕೊಟ್ಟ.

ಆಚೆ ಮನೆಯಲ್ಲಿ ಪ್ಲಗ್ಗು ಚುಚ್ಚಿ ಎರಡೂ ಮೇನ್ ಹಚ್ಚಿದ್ದಾಯಿತು. ದೀಪ ಹಸಿರಾಯಿತು. ಗೋಡೆಯಾಚೆಯಿಂದ ಅಣ್ಣನ ಮಗಳು ಸೃಷ್ಟಿ ಕೂಗಿದಳು. "ಕಾಕಾ, ಡಬ್ಬಿ ನನ್ನ ಫೋನಿನಾಗ ಕಾಣಾಕತ್ತದ! ಯಾವ ಹಾಡ ಹಚ್ಚಲಿ?"

ಗುರಣ್ಣ ತನ್ನ ಫೋನು ತೆಗೆದು ನೋಡಿದ. ತಿಕ್ಕಿದ, ಆರಿಸಿ ಹಚ್ಚಿದ. "ನನ್ನ ಫೋನಿನಾಗ ಕಾಣವಲ್ದಲ್ಲವ್ವ!"

"ಕಾಣೂದಿಲ್ರಿ ಕಾಕಾ. ಡಬ್ಬಿ ಈಗ ನಮ್ಮ ನೆಟ್ಟಿನಾಗ ಅದ. ನಮ್ಮ ವೈಫೈ ಈ ಗ್ವಾಡಿ ದಾಟೂದಿಲ್ಲ. ನಿಮಗ ಬೇಕಾದ್ದು ಒದರಿ ಹೇಳ್ರಿ, ನಾ ಇಲ್ಲಿಂದ ಹಚ್ತೇನಿ."

ಹನ್ನೆರಡು ವರ್ಷ ಗೋಡೆಯ ಕಡೆ ಮುಖವನ್ನೂ ಮಾಡದಿದ್ದ ಗುರಣ್ಣ ಗೋಡೆಗೆ ಬಾಯಿ ಹಚ್ಚಿ, "ತತ್ವಪದ ಹಚ್ಚವ್ವ" ಎಂದು ಕೂಗಿದ.

ಹಾಡು ಬಂತು. ಗುರಣ್ಣ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಏಕತಾರಿ ನಾಲ್ಕು ಸಲ ಮೀಟಿತು, ಮೊದಲ ನುಡಿ ಮುಗಿಯಿತು. ಎರಡನೇ ನುಡಿಗೆ ಗಾಯಕ ಉಸಿರೆಳೆದುಕೊಂಡ. ಅಷ್ಟರಲ್ಲಿ ಧಡಧಡ ಡೊಳ್ಳು ಬಾರಿಸಿ ಯಾವುದೋ ಸಿನಿಮಾ ಹಾಡು ಕಿರುಚಿತು.

"ಸೃಷ್ಟೀ! ಏನಾತವ್ವ?"

"ಅವ್ವಗ ಇದು ಸೇರ್ತದ್ರಿ ಕಾಕಾ!"

"ಬಲು ಛಂದ ಕೇಳ್ತದ ನಿಮ್ಮ ಡಬ್ಬಿ" ಎನ್ನುತ್ತ ಬಸವೇಶ್ವರಿ ನೆಲದ ಮೇಲೆ ಚಾಪೆ ಹಾಸಿದಳು. ಸುಮಿತ್ರಾಬಾಯಿ ಪಕ್ಕದಲ್ಲಿ ಕೂತು ತಾಳ ಹಾಕಿದಳು. ಬೆಳಿಗ್ಗೆ ಕುಡುಗೋಲಿನ ಮಾತಾಡಿದವಳ ಬಾಯಲ್ಲಿ ಈಗ "ಇನ್ನೂ ಜೋರ ಮಾಡವ್ವ ಸೃಷ್ಟಿ" ಎಂಬ ಮಾತು. ಇಮಾಮಸಾಬ ಒಂದು ಕವ್ವಾಲಿ ಕೇಳಿದ, ಅದು ಬಂತು. ಹಮೀದಾಬೇಗಂ ಮದುವೆ ಹಾಡು ಕೇಳಿದಳು, ಅದೂ ಬಂತು.

ಗುರಣ್ಣ ಇನ್ನೊಮ್ಮೆ ಗೋಡೆಗೆ ಬಾಯಿ ಹಚ್ಚಿ ತತ್ವಪದ ಕೇಳಿದ. ಸ್ಪೀಕರಿನ ಅಬ್ಬರದಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ. ಪ್ಲಗ್ಗು ಕೀಳಲು ಕೈ ಚಾಚಿದ. ಅಣ್ಣ ನೋಡುತ್ತಿದ್ದ, ಪ್ರೀತಿಯಿಂದ. ಹನ್ನೆರಡು ವರ್ಷ ಬೆಳಕು ಕೊಟ್ಟವನ ಎದುರು ಅವನ ಕರೆಂಟು ಕೀಳುವುದು ಹೇಗೆ? ಕೈ ಹಿಂದಕ್ಕೆ ಬಂತು.

ಗುರಣ್ಣ ಎದ್ದ. ನಡುಮನೆ ದಾಟಿದ, ಪಡಸಾಲೆ ದಾಟಿದ, ಚಪ್ಪಲಿ ಮೆಟ್ಟಿದ. ಹಾಡು ಬೀದಿಯವರೆಗೂ ಅಟ್ಟಿಸಿಕೊಂಡು ಬಂತು. ತಿರುಗಿ ನೋಡದೆ ನಡೆದ.

ಖಾಲಿಯಾದ ಕುರ್ಚಿಗೆ ಶಾಂತಮಲ್ಲಪ್ಪ ಸರಿದು ಕೂತ. ಸ್ವಲ್ಪ ಹೊತ್ತಿಗೆ ಸುಮಿತ್ರಾಬಾಯಿ ಚಹಾ ತಂದಳು. ಎಲ್ಲರಿಗೂ ಕೊಟ್ಟಮೇಲೆ ತಟ್ಟೆಯಲ್ಲಿ ಒಂದು ಕಪ್ಪು ಉಳಿಯಿತು.

"ಇವ್ರೆಲ್ಲಿ ಹೋದ್ರು?"

"ಬರ್ತಾನ ಬಿಡವ್ವ, ಎಲ್ಲಿ ಹೋಗ್ತಾನ?" ಎಂದ ಶಾಂತಮಲ್ಲಪ್ಪ.

ದೇವರ ಜಗಲಿಯ ಮುಂದೆ ದೀಪ ಹಚ್ಚುವ ಹೊತ್ತಾಯಿತು. ಚಹಾದ ಮೇಲೆ ಕೆನೆ ಕಟ್ಟಿತು. ಆರಿ ಹೋಗುತ್ತದೆಂದು ಅದನ್ನೂ ಅಣ್ಣನೇ ಕುಡಿದ.