ಮ್ಯೂಸಿಯಮ್ಮಿನ ಹಿಂದಿನ ಮಗ್ಗಲು

ಸವಣೂರಿನ ನಮ್ಮ ಸೋದರತ್ತೆ ಯಾವ ವಸ್ತುವಿನ ಮುಂಭಾಗವನ್ನೂ ನಂಬಿದವಳಲ್ಲ. ಮದುವೆಗೆ ಬಂದ ಹೆಂಗಸರ ಮುಖ ನೋಡುವ ಮೊದಲೇ ಅವರ ಸೆರಗು ಮಗುಚಿ, ಕಸೂತಿಯ ಹಿಂದೆ ಗಂಟು ಬಿದ್ದಿದೆಯೇ ಎಂದು ಪರೀಕ್ಷಿಸುತ್ತಿದ್ದಳು. ಒಳ್ಳೆಯ ಕಸೂತಿ ಎಂದರೆ ಎರಡೂ ಮಗ್ಗಲು ಒಂದೇ ಥರ ಕಾಣಬೇಕು. ಗಂಟು ಸಿಕ್ಕಿತೋ, ಆ ಮನೆತನದ ಬಗ್ಗೆ ಅವಳ ಅಭಿಪ್ರಾಯ ಅಲ್ಲಿಗೇ ತೀರ್ಮಾನ!

ಇಂಥವಳನ್ನು ಮುಂಬಯಿಯ ದೊಡ್ಡ ಮ್ಯೂಸಿಯಮ್ಮಿಗೆ ಕರೆದೊಯ್ಯುವ ಬುದ್ಧಿ ನನಗೇಕೆ ಬಂತೋ! ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ನಾನು ಅಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತನಾಗಿದ್ದೆ. ಅತ್ತೆ ಊರು ನೋಡಲು ಬಂದಿದ್ದಳು. ಆಗ ಮ್ಯೂಸಿಯಮ್ಮಿನಲ್ಲಿ ಮೂರು ಪ್ರದರ್ಶನ ನಡೆದಿದ್ದವು.

ಮೊದಲನೆಯದು ವಿಲಾಯತಿ ತೈಲಚಿತ್ರಗಳದು. ನಾನು ಬಣ್ಣ ಮೆಚ್ಚುತ್ತ ನಿಂತಿದ್ದಾಗ ಅತ್ತೆ ಒಂದು ಚೌಕಟ್ಟನ್ನು ಗೋಡೆಯಿಂದ ಸರಿಸಿ ಹಿಂದೆ ಇಣುಕಿದಳು. ಕಾವಲುಗಾರ ಓಡಿ ಬಂದ.

"ಹಿಂದ ಬರೇ ಗೋಣಿತಟ್ಟು ಐತಲ್ಲೋ," ಎಂದಳು ನನಗೆ. "ಅರ್ಧಾ ಮಾಡಿ ಕೈಬಿಟ್ಟದ್ದನ್ನ ಯಾಕ ತೂಗಹಾಕ್ಯಾರ?"

ಮುಂದಿನ ಕೋಣೆಯಲ್ಲಿ ಕಬ್ಬಿಣದ ಕವಚ ತೊಟ್ಟ ಸಿಪಾಯಿಯ ಬೊಂಬೆ. ಅದರ ಬೆನ್ನಿಗೆ ಸುತ್ತು ಬಂದು, ಇದನ್ನು ಹಿಂದಿನಿಂದ ಯಾರು ಕಟ್ಟಿಕೊಡುತ್ತಿದ್ದರು, ಬೆನ್ನು ತುರಿಸಿದರೆ ಏನು ಗತಿ ಎಂದು ಕೇಳಿದಳು. ಇಷ್ಟು ದೊಡ್ಡ ಬಂಗಲೆಯಲ್ಲಿ ಒಬ್ಬರೂ ವಾಸವಿಲ್ಲವೇಕೆ ಎಂಬುದು ಅವಳಿಗೆ ತಿಳಿಯಲಿಲ್ಲ. ನಾನು ಅವಳನ್ನು ಮುಂದಕ್ಕೆ ಕರೆದೊಯ್ದೆ.

ಮೂರನೆಯದು ನಮ್ಮ ಕಡೆಯ ಕೈಕೆಲಸ. ಗಾಜಿನ ಪೆಟ್ಟಿಗೆಯಲ್ಲಿ ಕೂಸಿನ ಕುಂಚಿಗೆಯೊಂದು, ನೆತ್ತಿಯಿಂದ ಬೆನ್ನಿನವರೆಗೆ ಕಸೂತಿ. ಹಿಂದಿನ ಮಗ್ಗಲು ತೋರಿಸದೆ ಇಟ್ಟರೆ ನೋಡಿದವರಿಗೆ ಏನು ತಿಳಿಯಬೇಕೆಂದು ಅತ್ತೆ ಹಟ ಹಿಡಿದಳು. ಕಾವಲುಗಾರ ಗದರಿದ, ಅವಳು ನೆಲಕ್ಕೆ ಕುಳಿತೇಬಿಟ್ಟಳು. ಕೊನೆಗೆ ಬಂದ ಅಧಿಕಾರಿಗೆ ನಾನು ನಾಚುತ್ತ ಮರಾಠಿಯಲ್ಲಿ ಎಲ್ಲ ವಿವರಿಸಿದೆ. ಆತ ಏನೆಂದುಕೊಂಡನೋ, ಕೀಲಿ ತರಿಸಿ, ಕುಂಚಿಗೆಯನ್ನು ತಾನೇ ಮಗುಚಿ ಹಿಡಿದ.

ಗಂಟು ಎಲ್ಲೂ ಇರಲಿಲ್ಲ. ಆದರೆ ಒಂದು ಹೊಲಿಗೆಯಲ್ಲಿ ಉದ್ದನೆಯ ಕೂದಲೊಂದು ದಾರದ ಜೊತೆ ಸಿಕ್ಕಿಕೊಂಡಿತ್ತು. ಅಧಿಕಾರಿ ಅದನ್ನು ಕಸವೆಂದು ಉಗುರಿನಿಂದ ಕೀಳಹೋದ. ಅತ್ತೆ ಅವನ ಕೈ ಹಿಡಿದಳು.

"ಬ್ಯಾಡ್ರಿ, ಸಾಹೇಬ್ರ. ತಲಿ ಬಗ್ಗಿಸಿ, ಕೂಸಿನ ದಾರಿ ನೋಡಿಕೋತ ಹೊಲಿದಾಳ ಅದರ ತಾಯಿ. ಇರ್ಲಿ ಬಿಡ್ರಿ."

ಅದನ್ನು ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಅಧಿಕಾರಿ ಕೂದಲನ್ನು ಇದ್ದಲ್ಲೇ ಬಿಟ್ಟ. ಕುಂಚಿಗೆಯನ್ನು ಮಗುಚಿದ ಹಾಗೆಯೇ ಒಳಗಿಟ್ಟು, ಕೀಲಿ ಹಾಕಿದ.